ಕರೆಂಟ್ ಬಂದ ಹೊತ್ತು: ಬ್ಯಾಡಗಿ ಕಡೆಯ ಒಂದು ಖಾರಪುಡಿ ಮಿಲ್ಲಿನ ಪ್ರಕರಣ

2022ರ ಜುಲೈ, ಮಧ್ಯಾಹ್ನ ಮೂರೂವರೆ. ಹೊರಗೆ ಜಿಟಿಜಿಟಿ ಮಳೆ. ನಾನು ಬ್ಯಾಡಗಿಯ ಒಂದು ಮಿಲ್ಲಿನಲ್ಲಿ ಬೇರಿಂಗ್ ಬದಲಿಸುತ್ತಿದ್ದೆ. ಅದೇ ರಸ್ತೆಯ ಇನ್ನೊಂದು ಮಿಲ್ಲಿನ ಹುಡುಗ ಫೋನ್ ಮಾಡಿದ. "ಅಣ್ಣಾರ, ಪಾನಾ ತಗೊಂಡು ಲಗೂನ ಬರ್ರಿ. ಅಕ್ಕಾರ ಕೈ ಸ್ಕ್ರೂದಾಗ ಸಿಕ್ಕೈತಿ."

ನಾನು ಫಿಟ್ಟರ್. ಐಟಿಐ ಮುಗಿಸಿದ ಮೇಲೆ ಹಾವೇರಿ ಜಿಲ್ಲೆಯ ಮಿಲ್ಲುಗಳಲ್ಲೇ ನನ್ನ ದುಡಿಮೆ. ಎಣ್ಣೆ ಮಿಲ್ಲು, ಮೆಕ್ಕೆಜೋಳದ ಮಿಲ್ಲು, ಎಲ್ಲಕ್ಕಿಂತ ಜಾಸ್ತಿ ಖಾರಪುಡಿ ಮಿಲ್ಲು. ಈ ಪ್ರಕರಣವನ್ನು ಮೊದಲಿನಿಂದ ಕೊನೆಯವರೆಗೆ ಬರೆದಿಡಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಗಾಯಗೊಂಡ ಅಕ್ಕನನ್ನು ಕೇಳಿ, ಅವರು ಒಪ್ಪಿದ ಮೇಲೆ ಬರೆಯುತ್ತಿದ್ದೇನೆ. ಅವರ ಹೆಸರಾಗಲಿ ಮಿಲ್ಲಿನ ಹೆಸರಾಗಲಿ ಇಲ್ಲಿ ಬೇಡ.

ನಾನು ಹೋದಾಗ ಅಕ್ಕ, ಪುಡಿಯನ್ನು ಮುಂದಕ್ಕೆ ಸಾಗಿಸುವ ಸ್ಕ್ರೂ ತೊಟ್ಟಿಯ ಮೇಲೆ ಬಾಗಿ ನಿಂತಿದ್ದರು. ಬಲಗೈ ಮಣಿಕಟ್ಟಿನ ತನಕ ಒಳಗಿತ್ತು. ಇಬ್ಬರು ಹೆಂಗಸರು ಹಿಂದಿನಿಂದ ಹಿಡಿದುಕೊಂಡಿದ್ದರು. ಅಕ್ಕ ಕಿರುಚುತ್ತಿರಲಿಲ್ಲ. ಖಾರದ ಧೂಳಿಗೆ ಎಲ್ಲರೂ ಕೆಮ್ಮುತ್ತಿದ್ದರು. ಯಾರೋ ಕೂಗಿದರು, "ಮಷಿನ್ ಉಲ್ಟಾ ತಿರುಗಸ್ರಿ, ಕೈ ಹೊರಗ ಬರತೈತಿ." ನಾನು ಬೇಡ ಅಂದೆ. ಉಲ್ಟಾ ತಿರುಗಿಸಿದರೂ ಅದೇ ಮೋಟಾರು, ಅದೇ ಜೋರು. ಒಳಗೆ ಹೋಗುವಾಗ ಜಜ್ಜಿದ ಕೈಯನ್ನು ಹೊರಗೆ ಬರುವಾಗ ಹರಿಯುತ್ತದೆ. ಮೊದಲು ಮೇನ್ ಇಳಿಸಿ, ಮೂರೂ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡೆ. ಗೇರ್‌ಬಾಕ್ಸಿಗೂ ಸ್ಕ್ರೂ ಶಾಫ್ಟಿಗೂ ನಡುವಿನ ಕಪ್ಲಿಂಗ್ ಬಿಚ್ಚಿದೆ. ಆಮೇಲೆ ಪೈಪ್ ಪಾನಾ ಹಾಕಿ ಶಾಫ್ಟನ್ನು ಕೈಯಿಂದಲೇ ಹಿಂದಕ್ಕೆ ತಿರುಗಿಸಿದೆ. ಒಂದು ಇಂಚು ತಿರುಗಿಸುವುದು, ನಿಲ್ಲಿಸುವುದು, ಅಕ್ಕನ ಮುಖ ನೋಡುವುದು. ಹನ್ನೊಂದು ನಿಮಿಷ ಹಿಡಿಯಿತು ಅಂತ ಆಮೇಲೆ ಹುಡುಗ ಹೇಳಿದ.

ಕೈ ಹೊರಗೆ ಬಂತು. ತೋರುಬೆರಳು, ನಡುಬೆರಳು, ಉಂಗುರದ ಬೆರಳು ಬರಲಿಲ್ಲ.

ಅಲ್ಲಿಂದ ಮುಂದಿನ ಅರ್ಧ ಗಂಟೆಯಲ್ಲಿ ನಾವು ಮಾಡಿದ್ದರಲ್ಲಿ ಕೆಲವು ಸರಿ, ಕೆಲವು ತಪ್ಪು. ಎರಡನ್ನೂ ಹೇಳುತ್ತೇನೆ, ಮಿಲ್ಲಿನಲ್ಲಿ ಕೆಲಸ ಮಾಡುವವರಿಗೆ ಇದು ಬೇಕು. ಶುದ್ಧ ಬಟ್ಟೆ ಮಡಚಿ ಗಾಯದ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿದೆವು. ಕೈಯನ್ನು ಎದೆಗಿಂತ ಮೇಲೆ ಎತ್ತಿಸಿದೆವು. ಅರಿಶಿಣ ತಂದವರನ್ನು ತಡೆದೆವು. ಇಷ್ಟು ಸರಿ. ತಪ್ಪಾದದ್ದು ಬೆರಳಿನ ವಿಷಯದಲ್ಲಿ. ಒಬ್ಬ ಹುಡುಗ ತೊಟ್ಟಿಯಿಂದ ಎರಡು ಬೆರಳು ಹುಡುಕಿ ತೆಗೆದ. ಎದುರಿನ ಅಂಗಡಿಯಿಂದ ಐಸ್ ತಂದು, ಅದೇ ಪ್ಲಾಸ್ಟಿಕ್ ಚೀಲದಲ್ಲಿ ಬೆರಳನ್ನೂ ಹಾಕಿ ಗಂಟು ಕಟ್ಟಿದ. ಒಳ್ಳೇದು ಮಾಡುತ್ತಿದ್ದೇವೆ ಅಂದುಕೊಂಡೆವು. ಐಸ್ ನೇರವಾಗಿ ತಾಗಿದರೆ ಮಾಂಸ ಹೆಪ್ಪುಗಟ್ಟಿ ಸಾಯುತ್ತದೆ ಅಂತ ಹುಬ್ಬಳ್ಳಿಯ ಡಾಕ್ಟರು ಹೇಳಿದ ಮೇಲೆ ಗೊತ್ತಾಯಿತು. ತುಂಡಾದ ಬೆರಳನ್ನು ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಬೇಕು. ಒಂದು ಚೀಲದಲ್ಲಿ ಹಾಕಿ ನೀರು ಹೋಗದಂತೆ ಬಾಯಿ ಕಟ್ಟಬೇಕು. ಆ ಚೀಲವನ್ನು ಐಸ್ ಹಾಕಿದ ನೀರಿನಲ್ಲಿ ಇಡಬೇಕು. ತಂಪು ತಾಗಬೇಕು, ಐಸ್ ತಾಗಬಾರದು.

ಮೋಟೆಬೆನ್ನೂರು ದಾಟಿ ಹೆದ್ದಾರಿ ಹಿಡಿದು ಹುಬ್ಬಳ್ಳಿ ಮುಟ್ಟುವಾಗ ಕತ್ತಲಾಗಿತ್ತು. ಬೆರಳು ಕೂಡಿಸಲು ಆಗಲಿಲ್ಲ. ಬ್ಲೇಡಿನಲ್ಲಿ ಕತ್ತರಿಸಿದ ಹಾಗೆ ನೇರವಾಗಿ ತುಂಡಾಗಿದ್ದರೆ ಪ್ರಯತ್ನ ಮಾಡಬಹುದಿತ್ತು, ಇವು ಜಜ್ಜಿ ಹೋಗಿವೆ, ಹೇಗೇ ತಂದಿದ್ದರೂ ಕಷ್ಟವಿತ್ತು ಎಂದರು ಡಾಕ್ಟರು. ಆ ಮಾತಿನಿಂದ ಚೀಲ ಕಟ್ಟಿದ ಹುಡುಗನಿಗೆ ಸ್ವಲ್ಪ ಸಮಾಧಾನ ಆಯಿತು. ನನಗೆ ಆಗಲಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಆ ಯಂತ್ರ

ಸ್ಕ್ರೂ ಕನ್ವೇಯರ್ ನೋಡಲು ಬಹಳ ಸಾಧು. ಕಾಯಿ ಪುಡಿ ಮಾಡುವ ಪಲ್ವರೈಸರ್ ಥರ ಸದ್ದಿಲ್ಲ, ವೇಗವಿಲ್ಲ. ಯು ಆಕಾರದ ಉದ್ದನೆಯ ತೊಟ್ಟಿ. ಅದರೊಳಗೆ ಶಾಫ್ಟಿಗೆ ಸುರುಳಿಯಾಗಿ ವೆಲ್ಡ್ ಮಾಡಿದ ತಗಡು. ಅದು ತಿರುಗಿದ ಹಾಗೆ ಪುಡಿ ಮುಂದಕ್ಕೆ ಸಾಗಿ ಜರಡಿಗೆ ಹೋಗಿ ಬೀಳುತ್ತದೆ. ನಿಧಾನ ತಿರುಗುತ್ತದೆ ಅಂತಲೇ ಯಾರಿಗೂ ಅದರ ಭಯ ಇರುವುದಿಲ್ಲ.

ಆದರೆ ಲೆಕ್ಕ ನೋಡಿ. ಇದು 6 ಇಂಚಿನ ಸ್ಕ್ರೂ, ಸುರುಳಿಯ ಒಂದು ಸುತ್ತಿನಿಂದ ಇನ್ನೊಂದಕ್ಕೂ 6 ಇಂಚು. ನಿಮಿಷಕ್ಕೆ 60 ಸುತ್ತು, ಅಂದರೆ ಸೆಕೆಂಡಿಗೆ ಒಂದು. ಕೈ ಸಿಕ್ಕರೆ ಒಂದು ಸೆಕೆಂಡಿನಲ್ಲಿ 6 ಇಂಚು ಒಳಗೆ. ಏನೋ ಆಯಿತು ಅಂತ ತಲೆಗೆ ಹೊಳೆದು ಕೈ ಹಿಂದೆಳೆಯುವಷ್ಟರಲ್ಲಿ ಬೆರಳು ಹೋಗಿರುತ್ತವೆ. ಮೋಟಾರು ಬರೀ 2 ಎಚ್‌ಪಿ. ಆದರೆ ಗೇರ್‌ಬಾಕ್ಸ್ ವೇಗವನ್ನು ಇಳಿಸಿ ಬಲವನ್ನು ಏರಿಸುತ್ತದೆ. ಸುರುಳಿಯ ಅಂಚಿನಲ್ಲಿ ಬೀಳುವ ಒತ್ತು ಸುಮಾರು 300 ಕೆಜಿ ಭಾರದಷ್ಟು. ಎಂಥ ಗಟ್ಟಿ ಆಳೂ ಅದನ್ನು ಕೈಯಿಂದ ತಡೆಯಲಾರ.

ಅದಕ್ಕೇ ತೊಟ್ಟಿಗೆ ಮುಚ್ಚಳ ಇರುತ್ತದೆ. ಇದಕ್ಕೂ ಇತ್ತು, 14 ಬೋಲ್ಟಿನದು.

ಯಾಕೆ ಆಯಿತು

ಮಾಲಕರು ಪೊಲೀಸರಿಗೆ ಹೇಳಿದ್ದು ಒಂದೇ ಮಾತು: "ಆಕಿನ ಕೈ ಹಾಕಿದಳ್ರೀ." ಕೈ ಹಾಕಿದ್ದು ನಿಜ. ಆದರೆ ಆ ಕೈ ಅಲ್ಲಿಗೆ ಹೋಗುವ ಮುಂಚೆ ಏನೇನಾಗಿತ್ತು ಅಂತ ನೋಡಬೇಕಲ್ವಾ? ನಾನು ಆ ಮಿಲ್ಲಿನ ಪ್ರತಿ ಮೋಟಾರು ಬಲ್ಲವನು. ಒಂದೊಂದೇ ಹಿಂದಕ್ಕೆ ಹೋಗಿ ನೋಡಿದೆ.

ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಖಾರಕ್ಕಲ್ಲ, ಬಣ್ಣಕ್ಕೆ. ಬಿಸಿಲು ಸೆಕೆಯಲ್ಲಿ ಇಟ್ಟರೆ ಬಣ್ಣ ಇಳಿಯುತ್ತದೆ. ಹಾಗಾಗಿ ಸುಗ್ಗಿಯಲ್ಲಿ ಕೊಂಡ ಮಾಲನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಡುತ್ತಾರೆ. ಊರ ಸುತ್ತ ಅಷ್ಟೊಂದು ಕೋಲ್ಡ್ ಸ್ಟೋರೇಜ್ ಇರುವುದು ಇದಕ್ಕೇ. ತಂಪಿನಿಂದ ಹೊರಗೆ ತೆಗೆದ ಕಾಯಿ ಬೆವರುತ್ತದೆ, ಗಾಳಿಯ ತೇವ ಎಳೆದುಕೊಳ್ಳುತ್ತದೆ. ಬೇಸಿಗೆಯಾದರೆ ಅಂಗಳದಲ್ಲಿ ಹರವಿ ಒಣಗಿಸಬಹುದು. ಜುಲೈ ಮಳೆಯಲ್ಲಿ ಬಿಸಿಲೆಲ್ಲಿ? ಹೊರರಾಜ್ಯದ ಆರ್ಡರು ಇತ್ತು, ಲಾರಿ ಮರುದಿನ ಬರುವುದಿತ್ತು. ಮೆತ್ತಗಿನ ಕಾಯಿಯನ್ನೇ ಪಲ್ವರೈಸರಿಗೆ ಹಾಕಿದರು. ಮೆಣಸಿನಕಾಯಿಯಲ್ಲಿ ಮೊದಲೇ ಎಣ್ಣೆಯ ಅಂಶ. ತೇವವೂ ಸೇರಿದರೆ ಪುಡಿ ಹಿಟ್ಟಿನ ಮುದ್ದೆಯಂತೆ ಸ್ಕ್ರೂಗೆ ಮೆತ್ತಿಕೊಳ್ಳುತ್ತದೆ. ಆ ದಿನ ಬೆಳಗಿನಿಂದ ಆರು ಸಲ ಸ್ಕ್ರೂ ಜಾಮ್ ಆಗಿತ್ತು.

14 ಬೋಲ್ಟ್ ಬಿಚ್ಚಿ ಮತ್ತೆ ಹಾಕಲು ಇಪ್ಪತ್ತು ನಿಮಿಷ ಬೇಕು. ಆರು ಸಲ ಅಂದರೆ ಎರಡು ಗಂಟೆ. ಯಾವ ಮಿಲ್ಲಿನಲ್ಲಿ ಎರಡು ಗಂಟೆ ಬೋಲ್ಟ್ ಬಿಚ್ಚುತ್ತಾ ಕೂರುತ್ತಾರೆ? ಹಾಗಾಗಿ ಎಂದೋ ಒಂದು ಮಳೆಗಾಲದಲ್ಲಿ ಬೋಲ್ಟ್ ತೆಗೆದವರು ಮತ್ತೆ ಹಾಕಲೇ ಇಲ್ಲ. ಮುಚ್ಚಳ ಸುಮ್ನೆ ಮೇಲೆ ಕೂತಿತ್ತು. ಬೋಲ್ಟುಗಳು ಒಂದು ಹಳೇ ಎಣ್ಣೆ ಡಬ್ಬಿಯಲ್ಲಿ ತುಕ್ಕು ಹಿಡಿದು ಬಿದ್ದಿದ್ದವು.

ಆ ಡಬ್ಬಿಯನ್ನು ನಾನು ಮಾರ್ಚ್ ತಿಂಗಳಲ್ಲೇ ನೋಡಿದ್ದೆ. ಜರಡಿಯ ಬೇರಿಂಗ್ ಬದಲಿಸಲು ಹೋದಾಗ. ಮುಚ್ಚಳ ಅಲುಗಾಡುವುದನ್ನೂ ನೋಡಿದೆ. ನನ್ನ ಕೆಲಸ ಬೇರಿಂಗ್, ಅದನ್ನು ಮುಗಿಸಿ ದುಡ್ಡು ತಗೊಂಡು ಬಂದೆ. ಒಂದು ಮಾತು ಹೇಳಲಿಲ್ಲ. ಡಾಕ್ಟರ ಮಾತಿನಿಂದ ನನಗೆ ಸಮಾಧಾನ ಆಗದೇ ಇದ್ದದ್ದು ಇದಕ್ಕೆ.

ಇನ್ನು ಅಕ್ಕ. ಅವರು ಮೆಷಿನ್ ಆಪರೇಟರ್ ಅಲ್ಲ. ತುಂಬು ಬಿಡಿಸುವ ಕೆಲಸಕ್ಕೆ, ಅಂದರೆ ಕಾಯಿಯ ತೊಟ್ಟು ಮುರಿಯಲು ಬರುತ್ತಿದ್ದವರು. ಆ ವಾರ ಒಬ್ಬ ಹುಡುಗ ಬಂದಿರಲಿಲ್ಲ ಅಂತ ಅವರನ್ನು ಮಿಲ್ಲಿನ ಒಳಗೆ ನಿಲ್ಲಿಸಿದ್ದರು. ತುಂಬು ಬಿಡಿಸುವ ಹೆಂಗಸರು ಕೈ ಉರಿ ತಡೆಯಲು ಹಳೇ ಸೀರೆಯ ತುಂಡನ್ನು ಬೆರಳಿಗೆ, ಅಂಗೈಗೆ ಸುತ್ತಿಕೊಳ್ಳುತ್ತಾರೆ. ಅಲ್ಲಿ ಅದು ಒಳ್ಳೆಯ ರೂಢಿ. ತಿರುಗುವ ಯಂತ್ರದ ಹತ್ತಿರ ಅದೇ ಬಟ್ಟೆ ಕುಣಿಕೆಯಾಗುತ್ತದೆ. ಸುರುಳಿ ಮೊದಲು ಹಿಡಿದದ್ದು ಬಟ್ಟೆಯನ್ನು. ಈ ವ್ಯತ್ಯಾಸವನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆದರೂ ಅಕ್ಕ ತಿರುಗುತ್ತಿರುವ ಸ್ಕ್ರೂಗೆ ಕೈ ಹಾಕಿದವರಲ್ಲ. ಆಸ್ಪತ್ರೆಯಲ್ಲಿ ಮೂರನೆಯ ದಿನ ಅವರು ನನಗೆ ಹೇಳಿದ್ದು ಹೀಗೆ: "ಕರೆಂಟ್ ಹೋಗಿತ್ತೋ ಯಣ್ಣಾ. ಎಲ್ಲಾ ಬಂದ್ ಆಗಿತ್ತು. ಕರೆಂಟ್ ಇಲ್ಲದಾಗ ತಗದಬಿಟ್ರ ಛಲೋ ಅಂತ ಕೈ ಹಾಕಿದೆ."

ಅವರು ಯೋಚಿಸಿಯೇ ಕೈ ಹಾಕಿದ್ದರು. ಕರೆಂಟ್ ಇಲ್ಲದ ಹೊತ್ತು ಎಲ್ಲಕ್ಕಿಂತ ಸುರಕ್ಷಿತ ಅಂತ ಯಾರಿಗಾದರೂ ಅನ್ನಿಸುತ್ತದೆ. ಸಾಮಾನ್ಯ ಸ್ಟಾರ್ಟರ್ ಇದ್ದಿದ್ದರೆ ಅವರ ಎಣಿಕೆ ಸರಿಯಾಗುತ್ತಿತ್ತು. ಸಾಮಾನ್ಯ ಸ್ಟಾರ್ಟರಿನಲ್ಲಿ ಒಂದು ಕಾಯಿಲ್ ಇರುತ್ತದೆ. ಕರೆಂಟ್ ಇರುವ ತನಕ ಅದು ಸ್ವಿಚ್ಚನ್ನು ಹಿಡಿದಿಟ್ಟುಕೊಳ್ಳುತ್ತದೆ. ಕರೆಂಟ್ ಹೋದ ಕೂಡಲೇ ಬಿಟ್ಟುಬಿಡುತ್ತದೆ. ಮತ್ತೆ ಕರೆಂಟ್ ಬಂದರೂ ಯಾರಾದರೂ ಹೋಗಿ ಹಸಿರು ಬಟನ್ ಒತ್ತುವ ತನಕ ಮೋಟಾರು ತಿರುಗುವುದಿಲ್ಲ.

ಆ ಮಿಲ್ಲಿನ ಸ್ವಿಚ್ಚುಗಳ ಪ್ಯಾನೆಲ್‌ನಲ್ಲಿ ಇದ್ದದ್ದು ಆಟೋ ಸ್ಟಾರ್ಟರ್.

ರೈತರಿಗೆ ಇದನ್ನು ವಿವರಿಸಬೇಕಿಲ್ಲ. ಹೊಲದ ಪಂಪ್‌ಸೆಟ್ಟಿಗೆ ಹಾಕುವ ಡಬ್ಬಿ. ತ್ರೀ ಫೇಸ್ ನಡುರಾತ್ರಿ ಬಂದರೂ ತಾನೇ ಮೋಟಾರು ಚಾಲೂ ಮಾಡುತ್ತದೆ. ಕತ್ತಲಲ್ಲಿ ಹಾವು ಚೇಳಿನ ನಡುವೆ ಹೊಲಕ್ಕೆ ಹೋಗುವುದು ತಪ್ಪುತ್ತದೆ. ಆ ಡಬ್ಬಿ ಎಷ್ಟೋ ರೈತರ ಜೀವ ಉಳಿಸಿದೆ ಅಂತಲೇ ನಾನು ನಂಬಿದ್ದೇನೆ. ಮಾಲಕರಿಗೂ ಹೊಲ ಇದೆ. ಮಿಲ್ಲಿನಲ್ಲಿ ದಿನಕ್ಕೆ ನಾಲ್ಕಾರು ಸಲ ಕರೆಂಟ್ ಹೋಗಿ ಬರುತ್ತಿತ್ತು. ಪ್ರತಿ ಸಲ ಐದು ಮೋಟಾರು ಚಾಲೂ ಮಾಡಲು ಓಡಾಡುವುದೇಕೆ ಅಂತ ಹೊಲದ ಉಪಾಯವನ್ನೇ ಮಿಲ್ಲಿಗೂ ತಂದರು. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಆದರೆ ಹೊಲದ ಬಾವಿಯಲ್ಲಿ ಪಂಪಿನ ಹತ್ತಿರ ಯಾರ ಕೈಯೂ ಇರುವುದಿಲ್ಲ. ಮಿಲ್ಲಿನಲ್ಲಿ ಕರೆಂಟ್ ಹೋದ ಹೊತ್ತಿಗೇ ಎಲ್ಲರ ಕೈ ಯಂತ್ರದೊಳಗೆ ಇರುತ್ತದೆ. ಗುಡಿಸುವುದು, ಕೆರೆಯುವುದು, ಬಟ್ಟೆಯಿಂದ ಒರೆಸುವುದು, ಎಲ್ಲ ಆಗಲೇ.

ಕರೆಂಟ್ ಬಂತು. ಸ್ಕ್ರೂ ತಿರುಗಿತು. ಪ್ಯಾನೆಲ್ ಇದ್ದದ್ದು ಮಾಲು ಮೇಲೆತ್ತುವ ಎಲಿವೇಟರಿನ ಆಚೆ ಬದಿಗೆ, ಮೂವತ್ತು ಅಡಿ ದೂರ. ಅಲ್ಲಿ ನಿಂತವರಿಗೆ ಈ ತೊಟ್ಟಿ ಕಾಣುವುದಿಲ್ಲ. ಪಲ್ವರೈಸರೂ ಚಾಲೂ ಆಗಿದ್ದರಿಂದ ಕೂಗು ಕೇಳಿಸಲಿಲ್ಲ. ಒಬ್ಬ ಹೆಂಗಸು ಓಡಿಹೋಗಿ ಕೈಸನ್ನೆ ಮಾಡಿದ ಮೇಲೆ ನಿಲ್ಲಿಸಿದರು.

ಹಣದ ಮಾತು

ವಾರದ ನಂತರ ಮಾಲಕರ ಕಡೆಯವರು ಆಸ್ಪತ್ರೆಗೆ ಬಂದರು. 40,000 ರೂಪಾಯಿ, ಜೊತೆಗೆ ಒಂದು ಬಾಂಡ್ ಪೇಪರ್. "ಪರಿಹಾರ ಪೂರ್ತಿ ಮುಟ್ಟಿದೆ, ಇನ್ನು ಯಾವ ತಕರಾರೂ ಇಲ್ಲ" ಅಂತ ಬರೆದಿತ್ತು. ಅಕ್ಕನ ಗಂಡ ಸಹಿ ಹಾಕಲು ತಯಾರಾಗಿದ್ದರು. ಔಷಧಿಗೇ ಸಾಲ ಮಾಡಿದ್ದರು, ಪಾಪ. ಅಕ್ಕನ ತಮ್ಮ ಹಾವೇರಿಯ ಒಬ್ಬ ವಕೀಲರನ್ನು ಕೇಳೋಣ ಅಂತ ತಡೆದ.

ಮಿಲ್ಲಿನಲ್ಲಿ ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆಯ ನೋಂದಣಿ ಇರಲಿಲ್ಲ. ಇದ್ದಿದ್ದರೆ ಚಿಕಿತ್ಸೆಯ ಜೊತೆಗೆ ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸರಾಸರಿ ದಿನಗೂಲಿಯ ಶೇ. 90ರಷ್ಟು ಬರುತ್ತಿತ್ತು. ಇಲ್ಲದ್ದರಿಂದ ವಕೀಲರು 1923ರ ನೌಕರರ ಪರಿಹಾರ ಕಾಯ್ದೆ ಹಿಡಿದರು. ಅದರ 8ನೇ ಕಲಮಿನಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಮಾತಿತ್ತು. ಹೆಂಗಸರಿಗೆ ಒಟ್ಟಾಗಿ ಕೊಡುವ ಪರಿಹಾರವನ್ನು ನೌಕರರ ಪರಿಹಾರ ಆಯುಕ್ತರ ಬಳಿ ಠೇವಣಿ ಇಟ್ಟೇ ಕೊಡಬೇಕಿತ್ತು. ಕೈಯಲ್ಲಿ ಕೊಟ್ಟು ಸಹಿ ಮಾಡಿಸಿಕೊಂಡದ್ದು ಪರಿಹಾರದ ಲೆಕ್ಕಕ್ಕೇ ಬರುತ್ತಿರಲಿಲ್ಲ. ಹಕ್ಕು ಬಿಟ್ಟುಕೊಟ್ಟೆ ಅಂತ ಬರೆದುಕೊಟ್ಟರೂ 17ನೇ ಕಲಮಿನ ಪ್ರಕಾರ ಅದು ನಿಲ್ಲುತ್ತಿರಲಿಲ್ಲ.

ಲೆಕ್ಕ ಹೀಗೆ. ಒಂದೇ ಕೈಯ ಮೂರು ಬೆರಳು ಹೋದರೆ ದುಡಿಯುವ ಶಕ್ತಿ ಶೇ. 30 ಹೋಯಿತು ಅಂತ ಆ ಕಾಯ್ದೆಯ ಪಟ್ಟಿ ಹೇಳುತ್ತಿತ್ತು. ಅಕ್ಕನ ಕೂಲಿ ದಿನಕ್ಕೆ 350, ತಿಂಗಳಿಗೆ 26 ದಿನ, ಒಟ್ಟು 9,100 ರೂಪಾಯಿ. ಅದರ ಶೇ. 60 ಅಂದರೆ 5,460. ವಯಸ್ಸು 35 ಆದರೆ ಗುಣಿಸುವ ಅಂಕಿ 197.06. ಬಂದದ್ದರಲ್ಲಿ ಶೇ. 30 ತೆಗೆದರೆ 3,22,784 ರೂಪಾಯಿ. ಆಸ್ಪತ್ರೆಯ ಖರ್ಚು ಬೇರೆ, ಅದನ್ನೂ ಮಾಲಕರೇ ಕೊಡಬೇಕಿತ್ತು. ಒಂದು ತಿಂಗಳೊಳಗೆ ಕೊಡದಿದ್ದರೆ ಶೇ. 12 ಬಡ್ಡಿ. ಬಾಂಡ್ ಪೇಪರಿನ 40,000ಕ್ಕೂ ಇದಕ್ಕೂ ಎಷ್ಟು ಅಂತರ ನೋಡಿ.

ಮಾಲಕರ ವಕೀಲರು ಎರಡು ವಾದ ತಂದರು. ಒಂದು, ಆಕೆ ನಮ್ಮ ಆಳಲ್ಲ, ಮೇಸ್ತ್ರಿ ಕರೆತಂದವಳು. ಇದು ಹೆಚ್ಚು ಹೊತ್ತು ನಿಲ್ಲಲಿಲ್ಲ. ಗುತ್ತಿಗೆಯ ಆಳಾದರೂ ಕೆಲಸ ಮಾಡಿಸಿಕೊಂಡವರೇ ಹೊಣೆ ಅಂತ ಅದೇ ಕಾಯ್ದೆಯ 12ನೇ ಕಲಮಿನಲ್ಲಿತ್ತು. ಮಿಲ್ಲಿನ ರಿಜಿಸ್ಟರಿನಲ್ಲಿ ಇದ್ದದ್ದು 8 ಹೆಸರು, ನಿಜವಾಗಿ ದುಡಿಯುತ್ತಿದ್ದವರು 26 ಜನ.

ಎರಡನೆಯ ವಾದ ಅಪಾಯದ್ದು. ಯಂತ್ರದ ಮುಚ್ಚಳವನ್ನು ಕಾರ್ಮಿಕರು ತಾವೇ ಬೇಕೆಂದು ತೆಗೆದಿದ್ದರೆ ಕೆಲವು ಪ್ರಕರಣಗಳಲ್ಲಿ ಮಾಲಕರು ಪರಿಹಾರದಿಂದ ತಪ್ಪಿಸಿಕೊಳ್ಳಬಹುದಿತ್ತು. "ಬೋಲ್ಟ್ ಬಿಚ್ಚಿದ್ದು ಆಕೆಯೇ" ಅಂದರು. ಅಲ್ಲಿ ನಾನು ಸಾಕ್ಷಿ ಹೇಳಿದೆ. ಬೋಲ್ಟಿನ ತೂತುಗಳಲ್ಲಿ ಹಳೇ ಪುಡಿ ಕಲ್ಲಿನ ಹಾಗೆ ಗಟ್ಟಿಯಾಗಿ ತುಂಬಿತ್ತು. ಉಳಿ ಹಾಕಿ ಕೆರೆದು ತೆಗೆಯಬೇಕಾಯಿತು. ತಿಂಗಳುಗಟ್ಟಲೆ ಬೋಲ್ಟ್ ಇಲ್ಲದಿದ್ದರೆ ಮಾತ್ರ ಹಾಗಾಗುತ್ತದೆ. ಡಬ್ಬಿಯ ತುಕ್ಕಿನ ಫೋಟೋ ಇತ್ತು. ಮಾರ್ಚಿನಲ್ಲಿ ನಾನೇ ನೋಡಿದ್ದೆ ಅಂತಲೂ ಹೇಳಿದೆ. "ನೋಡಿ ಸುಮ್ಮನಿದ್ರಾ?" ಅಂತ ಆ ವಕೀಲರು ಕೇಳಿದರು. "ಹೌದ್ರಿ, ಸುಮ್ಮನಿದ್ದೆ" ಅಂದೆ. ಆ ಮಾತು ಹೇಳುವುದು ನನಗೆ ಸುಲಭ ಇರಲಿಲ್ಲ.

ಹದಿನಾಲ್ಕು ತಿಂಗಳ ನಂತರ ಹಣ ಠೇವಣಿಯಾಯಿತು, ಬಡ್ಡಿ ಸೇರಿ.

ಅಪಘಾತದಿಂದ ಕಾರ್ಮಿಕರು 48 ಗಂಟೆ ಕೆಲಸಕ್ಕೆ ಬರಲಾಗದಿದ್ದರೆ ಕಾರ್ಖಾನೆ ಇಲಾಖೆಗೆ ತಿಳಿಸಬೇಕಿತ್ತು. ಅವರು ತಿಳಿಸಿರಲಿಲ್ಲ. ದೂರು ಹೋದ ಮೇಲೆ ತಪಾಸಣೆ ಆಯಿತು. ತಪ್ಪಾಗಿ ಚಾಲೂ ಆಗಬಹುದಾದ ಸ್ವಿಚ್ಚಿಗೆ ಬೀಗ ಹಾಕುವ ವ್ಯವಸ್ಥೆ ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯ 24ನೇ ಕಲಮಿನಲ್ಲೇ ಬರೆದಿತ್ತು. ಅದೇ ಕಾಯ್ದೆಯಲ್ಲಿ, ಸುರಕ್ಷತೆಯ ನಿಯಮ ಮುರಿದು ಯಾರಿಗಾದರೂ ದೊಡ್ಡ ಗಾಯವಾದರೆ ದಂಡ 5,000 ರೂಪಾಯಿಗಿಂತ ಕಡಿಮೆ ಇರಬಾರದು ಅಂತ ಇತ್ತು. ಒಂದು ಕ್ವಿಂಟಲ್ ಬ್ಯಾಡಗಿ ಕಾಯಿಗೆ ಅದಕ್ಕಿಂತ ಜಾಸ್ತಿ ಬೆಲೆ. ಇದನ್ನು ಓದಿದಾಗ ನನಗೆ ಸಿಟ್ಟು ಬಂದಿತ್ತು, ಇವತ್ತಿಗೂ ಬರುತ್ತದೆ.

2025ರ ನವೆಂಬರ್ 21ರಿಂದ ಈ ಹಳೇ ಕಾಯ್ದೆಗಳ ಜಾಗದಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾಗಿವೆ. ಕರೆಂಟ್ ಬಳಸುವ ಮಿಲ್ಲು 'ಕಾರ್ಖಾನೆ' ಎನ್ನಿಸಿಕೊಳ್ಳಲು ಮೊದಲು 10 ಜನ ಸಾಕಿತ್ತು, ಈಗ 20 ಜನ ಬೇಕು. ನಮ್ಮ ಕಡೆ ಸಣ್ಣ ಮಿಲ್ಲುಗಳೇ ಜಾಸ್ತಿ. 10 ಜನ ಇದ್ದರೂ ಸುರಕ್ಷತಾ ಸಂಹಿತೆ ಅನ್ವಯಿಸುತ್ತದೆ ಅನ್ನುವುದನ್ನು ಅಲ್ಲಿ ದುಡಿಯುವವರು ತಿಳಿದಿರಲಿ.

ಮಿಲ್ಲಿನಲ್ಲಿ ಈಗ

ಮಾಲಕರು ಮುಂದಿನ ಸುಗ್ಗಿಗೆ ಮೊದಲು ನನ್ನನ್ನೇ ಕರೆದರು. ನಾನು ಅವರ ವಿರುದ್ಧ ಸಾಕ್ಷಿಗೆ ನಿಂತವನು, ಆದರೂ ಕರೆದರು. ಅದನ್ನು ಅವರ ಪರವಾಗಿ ಹೇಳಲೇಬೇಕು.

ಮೊದಲು ಆಟೋ ಸ್ಟಾರ್ಟರ್ ಕಿತ್ತು ಸಾಮಾನ್ಯ ಸ್ಟಾರ್ಟರ್ ಹಾಕಿದೆವು. ಅರ್ಧ ದಿನದ ಕೆಲಸ. ಆಮೇಲೆ ಮುಚ್ಚಳ. 14 ಬೋಲ್ಟ್ ಮತ್ತೆ ಬಿಗಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಡಬ್ಬಿ ಸೇರುತ್ತವೆ, ನನಗೆ ಗೊತ್ತಿತ್ತು. ಜಾಮ್ ಆಗುವ ಜಾಗದಲ್ಲಿ ಮಾತ್ರ ಒಂದು ಸಣ್ಣ ಬಾಗಿಲು ಕತ್ತರಿಸಿ ಬಿಜಾಗರಿ ಹಾಕಿದೆ. ಬಾಗಿಲಿಗೆ ಲಿಮಿಟ್ ಸ್ವಿಚ್ ಕೂಡಿಸಿದೆ. ಬಾಗಿಲು ತೆರೆದರೆ ಸ್ಟಾರ್ಟರಿನ ಕಾಯಿಲ್‌ಗೆ ಹೋಗುವ ಕರೆಂಟ್ ಕತ್ತರಿಸಿ ಸ್ಕ್ರೂ ನಿಲ್ಲುತ್ತದೆ. ಮುಚ್ಚಿದರೂ ತಾನಾಗಿ ತಿರುಗುವುದಿಲ್ಲ, ಹಸಿರು ಬಟನ್ ಒತ್ತಬೇಕು. ಬಾಗಿಲ ಕೆಳಗೆ ಸರಳಿನ ಜಾಳಿಗೆ ವೆಲ್ಡ್ ಮಾಡಿದೆ. ಪುಡಿ ಕೆದಕಲು ಕಟ್ಟಿಗೆಯ ಕೋಲು ಹೋಗುತ್ತದೆ, ಕೈ ಹೋಗುವುದಿಲ್ಲ. ತೊಟ್ಟಿಯ ಉದ್ದಕ್ಕೂ ಒಂದು ಕೆಂಪು ಹಗ್ಗ ಇದೆ. ಎಲ್ಲಿ ನಿಂತು ಎಳೆದರೂ ಎಲ್ಲ ಮೋಟಾರು ಬಂದ್.

ಲಿಮಿಟ್ ಸ್ವಿಚ್ಚಿಗೆ ತಂತಿ ಸುತ್ತಿ ಮೋಸ ಮಾಡುವುದನ್ನು ನಾನು ಬೇರೆ ಕಡೆ ನೋಡಿದ್ದೇನೆ. ಜಾಮ್ ಜಾಸ್ತಿಯಾದರೆ ಇಲ್ಲೂ ಮಾಡುತ್ತಾರೆ. ಅದಕ್ಕೇ ಕಾಯಿ ಒಣಗಿಸಲು ಬಿಸಿಗಾಳಿಯ ಒಂದು ಕೋಣೆ ಕಟ್ಟಿಸಿ ಅಂತ ಹಠ ಹಿಡಿದೆ. ಎಲ್ಲಕ್ಕಿಂತ ಖರ್ಚಿನ ಕೆಲಸ ಅದೇ, ಎಲ್ಲಕ್ಕಿಂತ ಉಪಯೋಗವಾದದ್ದೂ ಅದೇ. ಕಳೆದ ಮಳೆಗಾಲದಲ್ಲಿ ದಿನಕ್ಕೆ ಒಂದು ಸಲ ಜಾಮ್ ಆದರೆ ಹೆಚ್ಚು.

ಸ್ವಚ್ಛ ಮಾಡುವಾಗ ಮೇನ್ ಸ್ವಿಚ್ಚಿಗೆ ಬೀಗ. ಯಂತ್ರಕ್ಕೆ ಕೈ ಹಾಕುವವರ ಬೀಗ, ಅವರದೇ ಜೇಬಿನಲ್ಲಿ ಬೀಗದ ಕೈ. ಇಬ್ಬರಿದ್ದರೆ ಎರಡು ಬೀಗ.

ಅಕ್ಕ ಆ ಮಿಲ್ಲಿಗೆ ಮತ್ತೆ ಹೋಗಲಿಲ್ಲ. ಮನೆಯಲ್ಲಿ ಎರಡು ಎಮ್ಮೆ ಕಟ್ಟಿದ್ದಾರೆ. ಹೆಬ್ಬೆರಳು ಕಿರುಬೆರಳಿನಲ್ಲಿ ಹಾಲು ಕರೆಯಲು ಬರುವುದಿಲ್ಲ, ಎಡಗೈಯಲ್ಲಿ ಕಲಿತಿದ್ದಾರೆ. ರೊಟ್ಟಿ ಬಡಿಯುವುದು ಮಗಳು. ಚಳಿಗೆ ಇಲ್ಲದ ಬೆರಳು ನೋಯುತ್ತವೆ ಎನ್ನುತ್ತಾರೆ.

ಆ ಪ್ರಕರಣದ ನಂತರ ಯಾವ ಮಿಲ್ಲಿಗೆ ಬೇರಿಂಗ್ ಕೆಲಸಕ್ಕೆ ಹೋದರೂ ಮೊದಲು ಪ್ಯಾನೆಲ್ ತೆರೆದು ನೋಡುತ್ತೇನೆ. ಈವರೆಗೆ ನಾಲ್ಕು ಕಡೆ ಆಟೋ ಸ್ಟಾರ್ಟರ್ ಸಿಕ್ಕಿತು. ಎರಡು ಕಡೆ ಅದೇ ದಿನ ತೆಗೆಸಿದರು. ಇನ್ನೆರಡು ಮಿಲ್ಲಿನವರು "ಸೀಸನ್ ಮುಗೀಲಿ ತಡೀರಿ" ಅಂದಿದ್ದಾರೆ. ಮೇ ಕೊನೆಯ ವಾರ, ಮಳೆ ಹಿಡಿಯುವ ಮೊದಲು, ಎರಡೂ ಕಡೆ ಮತ್ತೆ ಹೋಗುತ್ತೇನೆ.